ದೊಣ್ಣೆಯಾದ ಹುಟ್ಟು

೨೦೦೩ರ ಮೇ ೧೧ರ ನನ್ನ ದಿನಚರಿಯಲ್ಲಿ ಈ ಕಥೆ ಇದೆ. ಒಂದು ವಿಡಿಯೋ ಗೇಮಿನ ಮೊದಲ ಭಾಗದಲ್ಲಿ ದೋಣಿಯ ಹುಟ್ಟಿನದೇ ಕಾರುಬಾರು. ಹೊಳೆಗುಂಟ ಊರೂರು ನೋಡುವುದೇ ಆಟ. ಎರಡನೇ ಭಾಗದಲ್ಲಿ ಕತ್ತಿಗೆ ಯಜಮಾನಿಕೆ ಸಿಕ್ಕಿತು.

"ಹುಟ್ಟಮ್ಮ, ನೀರು ತಳ್ಳಿದ್ದು ಸಾಕು. ಇನ್ನು ಬರೀ ಯುದ್ಧ. ನಿಮ್ಮನ್ನು ಕೆತ್ತಿ ದೊಣ್ಣೆ ಮಾಡುತ್ತೇನೆ," ಎಂದಿತು ಕತ್ತಿ.

"ಶತ್ರುಗಳು ಎಲ್ಲಿದ್ದಾರಪ್ಪ?"

"ಆಚೆ ದಡದಲ್ಲಿ."

"ಅಲ್ಲಿಗೆ ನಿನ್ನನ್ನು ಒಯ್ಯುವವರು ಯಾರು?"

"ಹೇಡಿಗಳ ಪ್ರಶ್ನೆ!" ಎಂದು ಕತ್ತಿ ನಡುಹೊಳೆಯಲ್ಲೇ ಹುಟ್ಟನ್ನು ಕೆತ್ತಿಬಿಟ್ಟಿತು.

ದೋಣಿ ಇದ್ದಲ್ಲೇ ಸುತ್ತತೊಡಗಿತು. "ಬನ್ರೋ, ಗಂಡಸರಾದರೆ!" ಎಂದು ಕತ್ತಿ ಅರಚಿತು. ದಡದ ಶತ್ರುಗಳು ಒಂದಷ್ಟು ಹೊತ್ತು ಕಾದು ಊಟಕ್ಕೆ ಹೋದರು. ಪರದೆಯ ಮುಂದೆ ಕೂತು ಈ ಗೇಮ್ ಆಡುತ್ತಿದ್ದ ಮಕ್ಕಳೂ ಬೇಸತ್ತು ಎದ್ದುಹೋದರು.

ನಡೆಯದೇ ಹೋದ ಆ ಯುದ್ಧಕ್ಕೆ ಕೊನೆಗೆ ತೆತ್ತದ್ದು ಹೊಳೆ ಬಲ್ಲ ಒಂದು ಹುಟ್ಟನ್ನು, ಮತ್ತು ಆಡುವ ಅಷ್ಟೂ ಮಕ್ಕಳನ್ನು.