ಬಂಡೆ ಒರೆಸಿದ ಅಳಿಲು

ಒಂಟಿಸಲಗನ ಸಾಹಸಗಳನ್ನೆಲ್ಲ ಅವನ ಅಭಿಮಾನಿ ಪ್ರಾಣಿಗಳು ಒಂದು ಬಂಡೆಯ ಮೇಲೆ ಇದ್ದಿಲಿನಿಂದ ಬರೆದಿಡುತ್ತಿದ್ದವು. ಯಾರು ಬೇಕಾದರೂ ಬರೆಯಬಹುದಿತ್ತು. ಸಂಜೆ ಸಲಗನೇ ಓದಲು ಬರುತ್ತಾನೆಂದು ಸುದ್ದಿ ಬಂದಾಗ, ಅವನಿಂದ ಶಭಾಷ್ ಅನ್ನಿಸಿಕೊಳ್ಳಲೇಬೇಕೆಂದು ಅಳಿಲು ಬಂಡೆ ಒಪ್ಪ ಮಾಡಲು ಹೊರಟಿತು.

'ಸಲಗ ಹೊಳೆಯನ್ನು ಒಂದೇ ನೆಗೆತಕ್ಕೆ ಹಾರಿದ' ಎಂದು ಕಾಗೆ ಬರೆದಿತ್ತು. 'ಸುಳ್ಳು, ನಡೆದೇ ದಾಟಿದ್ದು' ಎಂದು ಕೆಳಗೆ ಮುಂಗುಸಿ. 'ನೀನು ನೋಡಿದ್ಯೇನಯ್ಯ?' ಎಂದು ಮತ್ತೆ ಕಾಗೆ.

"ಜಗಳಕ್ಕೆ ಹುಣಸೆಮರದ ಬುಡ ಇದೆ. ಇಲ್ಲಿ ಸಲಗನ ವಿಷಯ ಮಾತ್ರ," ಎಂದು ಅಳಿಲು ಬಾಲದಿಂದ ಒರೆಸತೊಡಗಿತು.

"ಅಳಿಸಬೇಡ ಕಣೋ, ನಾನು ಗೆಲ್ಲೋದ್ರಲ್ಲಿದ್ದೆ," ಎಂದಿತು ಮುಂಗುಸಿ.

ಅಳಿಲು ಕೇಳಲಿಲ್ಲ. ಸಲಗನ ಸಾಹಸಗಳಷ್ಟೇ ಉಳಿದು ಬಂಡೆ ಚೊಕ್ಕಟವಾಯಿತು. ಇಂಥ ಕೆಲಸ ಯಾರದೆಂದು ಲೋಕಕ್ಕೆ ತಿಳಿಯಬೇಡವೇ? 'ಇಲ್ಲಿ ವಾದ ಮಾಡುವವರು ದಡ್ಡರು. ಇದನ್ನು ಒಪ್ಪ ಮಾಡಿದ್ದು ನಾನು, ಅಳಿಲು' ಎಂದು ದಪ್ಪಕ್ಷರದಲ್ಲಿ ಬರೆಯಿತು.

'ಹೇಳೋಕೆ ನೀನ್ಯಾವನು?' ಎಂದು ಕಾಗೆ ಕೆಳಗೆ ಗೀಚಿತು.

ಅಳಿಲು ಬಿಟ್ಟೀತೇ? ಸಾಲಿಗೆ ಸಾಲು ಉತ್ತರ ಕೊಟ್ಟಿತು. ಜಾಗ ಸಾಲದಾದಾಗ ಸಲಗನ ಸಾಹಸಗಳನ್ನೇ ಒಂದೊಂದಾಗಿ ಒರೆಸಿತು.

ಸಂಜೆ ಸಲಗ ಬಂದು ಬಂಡೆಯನ್ನು ಪೂರ್ತಿ ಓದಿದ.

"ಯಾರಪ್ಪ ಈ ಅಳಿಲು?" ಎಂದ. "ಬಲು ಜಗಳಗಂಟ ಇರಬೇಕು. ಬಂಡೆ ತುಂಬ ಅವನ ಸಾಹಸವೇ ಇದೆ."

ಅಳಿಲು ಮಸಿ ಹತ್ತಿದ ಬಾಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.