ಕಡಲಿಗೆ ಶ್ಶ್ಶ್ ಎನ್ನಲು ಕಲಿಸಿದವಳು

ಆಗ ಭೂಮಿ ಹೊಸದು. ಬೆಟ್ಟಗಳ ಮೈಮೇಲಿನ ಮಣ್ಣು ಇನ್ನೂ ಹಸಿಹಸಿ. ಯಾರು ಎಲ್ಲಿ ನಿಲ್ಲಬೇಕೆಂದು ನಕ್ಷತ್ರಗಳಿಗೆ ಇನ್ನೂ ಬಾಯಿಪಾಠ ಆಗಿರಲಿಲ್ಲ; ದಿನಾ ಸಂಜೆ ಜಾಗಕ್ಕಾಗಿ ತಳ್ಳಾಟ.

ಆಗ ಕಡಲಿಗೆ ಅಲೆಗಳಿರಲಿಲ್ಲ. ತಟ್ಟೆಗೆ ಹುಯ್ದ ಇಡ್ಲಿ ಹಿಟ್ಟಿನ ಹಾಗೆ ಅದು ಸುಮ್ಮನೆ ಹರಡಿಕೊಂಡಿರುತ್ತಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಯಾರಾದರೂ ಮಾತನಾಡಿಸಿದರೆ ಪಿಸುದನಿಯಲ್ಲಿ ಒಂದು ಮಾತು, ಮತ್ತೆ ಸುಮ್ಮನೆ. ಅಷ್ಟು ಸಂಕೋಚ ಅದಕ್ಕೆ.

ಗ್ರೀಕರ ನಾಡಿನ ಆ ಕಡಲಿನ ನಡುವೆ ಒಂದು ಬಂಡೆ. ಬಂಡೆಯ ಮೇಲೆ ಮೂವರು ಅಕ್ಕತಂಗಿಯರು. ಮುಖ ಹೆಣ್ಣಿನದು, ಮೈ ಹಕ್ಕಿಯದು. ಅವರನ್ನು ಸೈರನ್‌ಗಳು ಎಂದು ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಕೂಗುತ್ತದಲ್ಲ, ಅದಕ್ಕೂ ಇದೇ ಹೆಸರು. ಆದರೆ ಆ ಕೂಗೆಲ್ಲಿ, ಇವರ ದನಿಯೆಲ್ಲಿ! ಜೇನಿಗೆ ಗಂಟಲು ಇದ್ದಿದ್ದರೆ ಅದು ಇವರ ಹಾಗೆ ಹಾಡುತ್ತಿತ್ತೇನೋ.

ಮೂವರೂ ಹಗಲೆಲ್ಲ ಹಾಡುತ್ತಿದ್ದರು, ಇರುಳೆಲ್ಲ ಹಾಡುತ್ತಿದ್ದರು. ನಿದ್ದೆ ಎಂದರೆ ಏನೆಂದೇ ಅವರಿಗೆ ಗೊತ್ತಿರಲಿಲ್ಲ. ಯಾರಿಗೆ ಏನು ಬೇಕೋ ಹಾಡಿನಲ್ಲಿ ಅವರಿಗೆ ಅದೇ ಕೇಳುತ್ತಿತ್ತು. ಹಸಿದವನಿಗೆ ಬಿಸಿ ರೊಟ್ಟಿ. ಮನೆ ಬಿಟ್ಟು ಬಂದವನಿಗೆ ಅವ್ವನ ದನಿ. ಕೇಳಿದವರು ದೋಣಿಯನ್ನು ನೇರವಾಗಿ ಬಂಡೆಗೇ ತಿರುಗಿಸುತ್ತಿದ್ದರು. ಆಮೇಲೆ ಒಂದೆರಡು ಹಲಗೆಗಳು ಮಾತ್ರ ತೇಲಿ ದಡಕ್ಕೆ ಬರುತ್ತಿದ್ದವು. ಜನ ಬರುತ್ತಿರಲಿಲ್ಲ.

ಬಂಡೆಗೆ ಎದುರಾಗಿ ಒಂದು ಪುಟ್ಟ ದ್ವೀಪ. ಅಲ್ಲಿ ಮಿರ್ತೊ ಎಂಬ ಹೆಂಗಸು ಇದ್ದಳು. ಅವಳ ಗಂಡ ಲೈಕಸ್ ಕಡಲಿನ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವನು. ಚಪ್ಪಟೆ ಕಲ್ಲೊಂದನ್ನು ಎದೆಗವಚಿಕೊಂಡು ದೋಣಿಯಿಂದ ಧುಮುಕಿದರೆ ಕಲ್ಲು ಅವನನ್ನು ಸೀದಾ ಕೆಳಗೆ ಕರೆದೊಯ್ಯುತ್ತಿತ್ತು. ಅವನು ತಂದ ಸ್ಪಂಜು ಕಪ್ಪಗೆ, ಲೋಳೆಲೋಳೆಯಾಗಿ, ನಾರುತ್ತಿರುತ್ತಿತ್ತು. ದಡದಲ್ಲಿ ನಿಂತು ಅದನ್ನು ಕಾಲಿನಿಂದ ತುಳಿತುಳಿದು ಶುಚಿ ಮಾಡುವುದು ಮಿರ್ತೊಳ ಕೆಲಸ.

ಸ್ಪಂಜು ತುಳಿಯುವಾಗಲೂ ಅವಳ ಸೊಂಟದ ಮೇಲೆ ಮಗ ಇರುತ್ತಿದ್ದ. ಹೆಸರು ಡಿಯೋನ್. ಹುಟ್ಟಿ ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಅವನು ನೆಟ್ಟಗೆ ಒಂದು ಗಳಿಗೆ ಮಲಗಿದವನಲ್ಲ. ಅವನು ಮಲಗದಿದ್ದರೆ ಅವಳು ಮಲಗುವುದೆಲ್ಲಿ? ಕಣ್ಣು ಕೆಂಪು, ಕೂದಲು ಗೂಡು. ನಾಲಿಗೆ ಮಾತ್ರ ಚುರುಕು.

ಒಂದು ಬೆಳಿಗ್ಗೆ ಲೈಕಸ್ ಹೇಳಿದ, "ಮಿರ್ತೊ, ಈ ಕಡೆಯ ಸ್ಪಂಜೆಲ್ಲ ಮುಗೀತು. ಇವತ್ತು ನಾವು ಆರು ಜನ ಬಂಡೆ ದಾಟಿ ಆಚೆ ಹೋಗ್ತಿದ್ದೀವಿ."

ಮಿರ್ತೊ ಸ್ಪಂಜು ತುಳಿಯುವುದನ್ನು ಬಿಟ್ಟು ತಿರುಗಿದಳು. "ಬಂಡೆ ದಾಟಿ? ಅಲ್ಲಿ ಆ ಮೂವರು ಕೂತಿರೋದು ಮರೆತುಹೋಯ್ತಾ?"

"ಅದಕ್ಕೂ ಉಪಾಯ ಮಾಡಿದ್ದೀವಿ," ಎಂದು ಲೈಕಸ್ ಎದೆಯುಬ್ಬಿಸಿದ. ಎರಡು ತುಂಡು ಸ್ಪಂಜು ತೆಗೆದು ಎರಡೂ ಕಿವಿಗೆ ತುರುಕಿಕೊಂಡ. ಉಳಿದ ಐವರೂ ತುರುಕಿಕೊಂಡರು.

ಮಿರ್ತೊ ಹಣೆ ಚಚ್ಚಿಕೊಂಡಳು. "ಏನ್ರೀ, ನೂರು ತೂತಿರೋದನ್ನ ಕಿವಿಗೆ ಇಟ್ಕೊಂಡಿದ್ದೀರಲ್ಲ! ಸ್ಪಂಜು ಸಿಕ್ಕಿದ್ದನ್ನೆಲ್ಲ ಕುಡಿಯುತ್ತೆ. ನೀರು ಕುಡಿಯುತ್ತೆ, ಎಣ್ಣೆ ಕುಡಿಯುತ್ತೆ. ಹಾಡು ಕುಡಿಯದೆ ಬಿಡುತ್ತಾ? ಜೇಡಿ ಮಣ್ಣು ಇಟ್ಕೊಳ್ಳಿ, ಹಿಟ್ಟು ಇಟ್ಕೊಳ್ಳಿ!"

"ಆಂ? ಹಿಟ್ಟಾ? ಸರಿ, ಸಂಜೆ ಬರ್ತಾ ತರ್ತೀನಿ," ಎಂದ ಲೈಕಸ್, ಊರಿಗೆಲ್ಲ ಕೇಳುವಂತೆ.

"ಹಿಟ್ಟು ತರಬೇಡಿ, ನೀವು ಬನ್ನಿ!"

"ಆಯ್ತು, ಎರಡು ಸೇರು ತರ್ತೀನಿ!"

ದೋಣಿ ಹೊರಟೇಹೋಯಿತು. ಹುಟ್ಟಿದಾಗಿನಿಂದ ಸ್ಪಂಜನ್ನೇ ನೋಡಿಕೊಂಡು ಬೆಳೆದವರು. ತಲೆನೋವಿಗೂ ಸ್ಪಂಜು, ತಲೆದಿಂಬಿಗೂ ಸ್ಪಂಜು. ಅವರಿಗೆ ಬೇರೆ ಇನ್ನೇನು ತಾನೇ ಹೊಳೆಯಬೇಕು?

ಮಿರ್ತೊ ಮಗುವನ್ನು ಎತ್ತಿಕೊಂಡು ದಡದಲ್ಲೇ ನಿಂತಳು. ದೋಣಿ ಸಣ್ಣದಾಗುತ್ತ ಹೋಯಿತು. ಬಂಡೆಯ ಮೇಲೆ ಮೂರು ತಲೆಗಳು ಎದ್ದವು.

"ಅಕ್ಕಾ, ದೋಣಿ!" ಎಂದಳು ಚಿಕ್ಕವಳು.

"ಕಂಡಿತು. ರೆಕ್ಕೆ ಸರಿಮಾಡ್ಕೊ," ಎಂದಳು ದೊಡ್ಡವಳು. "ನಡುವಿನವಳೇ, ಹೋದ ಸಲ ನೀನು ಮೊದಲೇ ಶುರುಮಾಡಿ ಕೆಡಿಸಿದೆ. ಈ ಸಲ ನನ್ನ ಜೊತೆಗೇ ಬಾ."

ಹಾಡು ಎದ್ದಿತು. ಕಡಲು ಸದ್ದಿಲ್ಲದೆ ಮಲಗಿತ್ತಲ್ಲ, ಹಾಡು ನೀರಿನ ಮೇಲೆ ಜಾರಿಕೊಂಡು ಎಲ್ಲ ಕಡೆಗೂ ಹರಡಿತು. ತಡೆಯುವವರು ಯಾರು? ಗಾಳಿಯಂತೂ ಅದನ್ನು ಹೆಗಲ ಮೇಲೆ ಹೊತ್ತು ಓಡಿತು. ಚಾಡಿಯಾದರೂ ಸರಿ, ಹಾಡಾದರೂ ಸರಿ, ಹೊತ್ತು ಓಡುವುದೊಂದೇ ಅದಕ್ಕೆ ಗೊತ್ತು.

ದೋಣಿಯಲ್ಲಿದ್ದವರ ಕಿವಿಯ ಸ್ಪಂಜು ಹಾಡನ್ನು ಗಟಗಟನೆ ಕುಡಿಯಿತು. ಕುಡಿದು ಉಬ್ಬಿತು. ಉಬ್ಬಿ, ಒಳಗೆ ತೊಟ್ಟು ತೊಟ್ಟಾಗಿ ತೊಟ್ಟಿಕ್ಕಿಸತೊಡಗಿತು. ಆರೂ ಜನರ ಮುಖದ ಮೇಲೆ ಒಂದೇ ಥರದ ಪೆದ್ದು ನಗು. ದೋಣಿ ಮೂತಿ ತಿರುಗಿಸಿ ಬಂಡೆಯ ಕಡೆಗೆ ಹೊರಟಿತು.

"ಅಯ್ಯೋ!" ಎಂದಳು ಮಿರ್ತೊ.

ಅಷ್ಟರಲ್ಲಿ ಹಾಡು ಅವಳ ಕಿವಿಗೂ ಬಂತು. ರೊಟ್ಟಿಯ ಹಾಡಲ್ಲ, ಚಿನ್ನದ ಹಾಡಲ್ಲ. "ಬಾ ಮಿರ್ತೊ," ಎಂದಿತು ಅದು. "ಪಾಪ, ಎಷ್ಟು ದಣಿದಿದ್ದೀಯ. ಹಾಸಿಗೆ ಹಾಸಿದ್ದೇವೆ. ಮಗುವನ್ನು ನಾವು ನೋಡಿಕೊಳ್ಳುತ್ತೇವೆ. ನೀನು ಮಲಗು."

ಮಿರ್ತೊಳ ಕಣ್ಣು ತಾನಾಗಿ ಮುಚ್ಚಿತು. ಒಂದು ಹೆಜ್ಜೆ ನೀರಿಗಿಟ್ಟಳು. ಎರಡನೆಯ ಹೆಜ್ಜೆಯನ್ನೂ ಇಟ್ಟಳು.

ಮೂರನೆಯದಕ್ಕೆ ಕಾಲೆತ್ತಿದವಳು ಹಾಗೇ ನಿಂತಳು.

"ಮಗುವನ್ನ ನೀವು ನೋಡ್ಕೊಳ್ತೀರಾ?" ಎಂದಳು ಕಣ್ಣು ಬಿಟ್ಟು. "ಹೀಗಂದವರು ಈ ಹತ್ತು ತಿಂಗಳಲ್ಲಿ ಎಷ್ಟು ಜನ ಬಂದು ಹೋಗಿಲ್ಲ! ನಮ್ಮತ್ತೆ ಅಂದಿದ್ದರು. ನಮ್ಮ ನಾದಿನಿ ಅಂದಿದ್ದಳು. ನಾನು ಇನ್ನೇನು ತಲೆ ದಿಂಬಿಗಿಡಬೇಕು, 'ಅಳ್ತಿದೆ, ತಗೋಮ್ಮ' ಅಂತ ತಂದು ಮಡಿಲಿಗೆ ಹಾಕ್ತಾರೆ. ನಿಮಗೆ ಕೈಯೇ ಇಲ್ಲ, ಬರೀ ರೆಕ್ಕೆ. ಮಗುವಿನ ಬಟ್ಟೆ ಹೇಗ್ರೇ ಬದಲಾಯಿಸ್ತೀರಿ?"

ಬಂಡೆಯ ಮೇಲೆ ದೊಡ್ಡವಳಿಗೆ ಒಂದು ಸ್ವರ ತಪ್ಪಿತು. ಇಲ್ಲಿಯವರೆಗೆ ಯಾರೂ ಅವಳಿಗೆ ಹೀಗೆ ಎದುರುತ್ತರ ಕೊಟ್ಟಿರಲಿಲ್ಲ. ಆದರೂ ಅವಳು ಬಿಡುವವಳಲ್ಲ. ಇನ್ನೂ ಜೋರಾಗಿ ಹಾಡಿದಳು. ದೋಣಿ ಇನ್ನೂ ಬೇಗ ಸಾಗಿತು.

ಆ ಜೋರಿಗೆ ಡಿಯೋನ್ ಬಾಯಿ ಬಿಟ್ಟು ಅಳತೊಡಗಿದ. ಮಿರ್ತೊ ಕಣ್ಣನ್ನು ದೋಣಿಯ ಮೇಲಿಂದ ತೆಗೆಯದೆ, ಕೈಯಲ್ಲಿ ಅವನ ಬೆನ್ನು ತಟ್ಟುತ್ತ, ರೂಢಿಯಂತೆ ಅವನ ಕಿವಿಯ ಬಳಿ "ಶ್ಶ್ಶ್... ಶ್ಶ್ಶ್..." ಎಂದಳು.

ಏನಾಶ್ಚರ್ಯ! ಶ್ಶ್ಶ್ ಎನ್ನುವಷ್ಟು ಹೊತ್ತು ಹಾಡೇ ಕೇಳಲಿಲ್ಲ. ನಿಲ್ಲಿಸಿದಳು, ಹಾಡು ಬಂತು. ಶ್ಶ್ಶ್ ಎಂದಳು, ಹಾಡು ಹೋಯಿತು.

"ಅಕ್ಕಾ," ಎಂದು ಕಾಲ ಬಳಿ ಯಾರೋ ಪಿಸುಗುಟ್ಟಿದರು. ಕಡಲು! "ಅಕ್ಕಾ, ಅದೇನು ಸದ್ದು? ಚೆನ್ನಾಗಿದೆ."

ಮಿರ್ತೊ ಬಗ್ಗಿ ನೀರಿನ ಮುಖ ನೋಡಿದಳು. "ಕಡಲೇ, ನನ್ನ ಬಾಯಿ ಇಷ್ಟೇ ಇಷ್ಟು. ನನ್ನ ಶ್ಶ್ಶ್ ಆ ದೋಣಿಯವರೆಗೆ ಮುಟ್ಟಲ್ಲ. ನೀನು ಇಲ್ಲಿಂದ ಅಲ್ಲಿವರೆಗೂ ಇದ್ದೀಯ. ನೀನು ಶ್ಶ್ಶ್ ಅನ್ನು. ಬೇಗ!"

"ನಾನಾ? ನಾನು ಯಾವತ್ತೂ ಸದ್ದು ಮಾಡಿದವನಲ್ಲ. ನನಗೆ ನಾಚಿಕೆ."

"ನಿನ್ನ ನಾಚಿಕೆಯನ್ನ ನಾಳೆಗಿಟ್ಕೊ! ಅಲ್ಲಿ ನನ್ನ ಗಂಡ ಬಂಡೆಗೆ ಬಡಿದು ಸಾಯ್ತಾನೆ. ಮೊದಲು ಉಸಿರು ಎಳ್ಕೊ."

ಕಡಲು ಉಸಿರು ಎಳೆದುಕೊಂಡಿತು. ದಡದ ನೀರೆಲ್ಲ ಹಿಂದೆ ಸರಿಯಿತು. ಬಯಲಿಗೆ ಬಿದ್ದ ಏಡಿಗಳು "ಏನಿದು, ಏನಿದು!" ಎಂದು ಅಡ್ಡಾದಿಡ್ಡಿ ಓಡಿದವು. ಕಡಲು ಉಸಿರು ಬಿಟ್ಟಿತು. "ಭೋ!"

ತೆಂಗಿನ ಮರದಷ್ಟು ನೀರೆದ್ದು ಮಿರ್ತೊಳ ನೆತ್ತಿಯಿಂದ ಅಂಗಾಲಿನವರೆಗೆ ಸುರಿಯಿತು. ಮಗು ಕಿಟಾರನೆ ಕಿರುಚಿತು.

"ಮಗು ಮಲಗಿಸು ಅಂದರೆ ಊರು ಎಬ್ಬಿಸ್ತೀಯಲ್ಲೋ! ಮೆಲ್ಲಗೆ!"

ಕಡಲು ಮೆಲ್ಲಗೆ ಬಿಟ್ಟಿತು. "ಗುಳು ಗುಳು ಗುಳು."

ಮಗು ಅಳು ನಿಲ್ಲಿಸಿ ಕಿಲಕಿಲನೆ ನಕ್ಕಿತು. ದೋಣಿ ಮಾತ್ರ ನಿಲ್ಲಲಿಲ್ಲ. ಬಂಡೆಗೂ ದೋಣಿಗೂ ನಡುವೆ ಇನ್ನು ಹತ್ತು ಮಾರು.

"ಹಾಗಲ್ಲಪ್ಪಾ! ಹಲ್ಲಿನ ಸಂದಿಯಿಂದ ಬಿಡಬೇಕು. ನೋಡು, ಶ್ಶ್ಶ್."

"ನನಗೆ ಹಲ್ಲೆಲ್ಲಿದೆ ಅಕ್ಕಾ?"

"ಇಷ್ಟೊಂದು ಮರಳು, ಇಷ್ಟೊಂದು ಕಲ್ಲು ಬಾಯಂಚಿಗೆ ಇಟ್ಕೊಂಡು ಹಲ್ಲಿಲ್ಲ ಅಂತೀಯಾ? ಅದರ ಸಂದಿಯಿಂದ ಬಿಡು!"

ಐದು ಮಾರು. ಮೂರು ಮಾರು.

ಕಡಲು ನಾಚಿಕೆಯನ್ನು ನುಂಗಿಕೊಂಡಿತು. ಉಸಿರೆಳೆದು, ಮರಳಿನ ಮೇಲೆ ಹರಡಿ, ಕಲ್ಲುಗಳ ಸಂದಿಯಿಂದ ಮೆಲ್ಲಗೆ ಬಿಟ್ಟಿತು.

"ಶ್ಶ್ಶ್ಶ್..."

ಈ ದಡದಲ್ಲಿ ಶ್ಶ್ಶ್. ಆ ದಡದಲ್ಲಿ ಶ್ಶ್ಶ್. ಬಂಡೆಯ ಸುತ್ತ, ದೋಣಿಯ ಸುತ್ತ ಶ್ಶ್ಶ್. ಹಾಡು ಬಂಡೆ ಬಿಟ್ಟು ಒಂದು ಗೇಣೂ ಮುಂದೆ ಬರಲಾರದೆ ಹೋಯಿತು. ಗಾಳಿಯೂ ದಿಕ್ಕು ಕೆಟ್ಟು ಹಾಡನ್ನು ಕೆಳಗೆ ಹಾಕಿ, ಶ್ಶ್ಶ್ ಅನ್ನು ಹೊತ್ತುಕೊಂಡು ಓಡಿತು.

ಲೈಕಸ್ ಕಣ್ಣುಜ್ಜಿ ನೋಡಿದರೆ ಮೂಗಿನ ಮುಂದೆ ಬಂಡೆ! "ಹುಟ್ಟು ಒತ್ತ್ರೋ!" ಎಂದು ಕಿರುಚಿ, ತನ್ನ ಹುಟ್ಟನ್ನು ಬಂಡೆಗೆ ಊರಿ ತಳ್ಳಿದ. ಉಳಿದವರೂ ಎಚ್ಚೆತ್ತು ತಳ್ಳಿದರು. ದೋಣಿಯ ಪಕ್ಕ ಬಂಡೆಗೆ ಕರ್ರನೆ ಉಜ್ಜಿತು, ಬಣ್ಣ ಹೋಯಿತು, ಜೀವ ಉಳಿಯಿತು. ಆಮೇಲೆ ಲೈಕಸ್ ಮೊದಲು ಮಾಡಿದ ಕೆಲಸ, ಕಿವಿಯ ಸ್ಪಂಜು ಕಿತ್ತು ಹಿಂಡಿದ್ದು. ಅರ್ಧ ಪಲ್ಲವಿ ಸೋರಿ ನೀರಿಗೆ ಬಿತ್ತು.

ಬಂಡೆಯ ಮೇಲೆ ದೊಡ್ಡವಳು ಸಿಡಿಮಿಡಿಗೊಂಡಳು. "ಯಾರದು ನಮಗೆ ಸುಮ್ಮನಿರಿ ಅನ್ನೋದು? ಹಾಡ್ರೇ, ಇನ್ನೂ ಜೋರಾಗಿ!"

ಹಾಡಿದರು. ಕಡಲು ಶ್ಶ್ಶ್ ಎಂದಿತು. ಮತ್ತೆ ಹಾಡಿದರು. ಮತ್ತೆ ಶ್ಶ್ಶ್.

"ಅಕ್ಕಾ," ಎಂದಳು ಚಿಕ್ಕವಳು, "ನನಗೇನೋ ಆಗ್ತಿದೆ. ಬಾಯಿ ತಾನಾಗಿ ಅಗಲ ಆಗುತ್ತೆ, ಹಾಡು ಬರಲ್ಲ. ಬರೀ ಆಆಆ ಅಂತ ಗಾಳಿ ಬರುತ್ತೆ."

"ಏನೇ ಅದು ಹೊಸ ರಾಗ?" ಎಂದು ಬೈಯಲು ಹೋದ ನಡುವಿನವಳಿಗೂ ಬಾಯಿ ಅಗಲವಾಯಿತು. ಪಾಪ, ಹುಟ್ಟಿದಾಗಿನಿಂದ ಊರಿಗೆಲ್ಲ ಹಾಡಿದವರು. ಅವರ ಬೆನ್ನು ತಟ್ಟಿ ಶ್ಶ್ಶ್ ಎಂದವರು ಒಬ್ಬರಾದರೂ ಇದ್ದರೇ? ಚಿಕ್ಕವಳು ರೆಕ್ಕೆಯೊಳಗೆ ತಲೆ ಹುದುಗಿಸಿದಳು. ನಡುವಿನವಳು ಅವಳಿಗೆ ಒರಗಿದಳು. ದೊಡ್ಡವಳು, "ನನಗೇನೂ ಬಂದಿಲ್ಲ, ನಾನು ಸುಮ್ಮನೆ ಕಣ್ಣು..." ಎನ್ನುತ್ತಿದ್ದಂತೆಯೇ ಗೊರಕೆ ಹೊಡೆದಳು. ಆ ಗೊರಕೆ ಮಾತ್ರ ಅಷ್ಟೇನೂ ಇಂಪಾಗಿರಲಿಲ್ಲ.

ದೋಣಿ ಸುಖವಾಗಿ ಬಂಡೆ ದಾಟಿತು. ಅದನ್ನು ಕಣ್ಣಾರೆ ಕಂಡ ಮೇಲೆ ಮಿರ್ತೊ ಉಸಿರು ಬಿಟ್ಟಳು. ಆಗಲೇ ಅವಳಿಗೆ ಹೆಗಲು ಭಾರವೆನಿಸಿದ್ದು. ತಿರುಗಿ ನೋಡಿದರೆ ಡಿಯೋನ್, ಹತ್ತು ತಿಂಗಳು ಕಣ್ಣು ಮುಚ್ಚದ ಡಿಯೋನ್, ಬಾಯಿಂದ ಜೊಲ್ಲು ಸುರಿಸುತ್ತ ಸೊಗಸಾಗಿ ಮಲಗಿದ್ದ.

ಮಿರ್ತೊ ಅಲ್ಲಾಡಲಿಲ್ಲ. ಮೆಲ್ಲಗೆ, ಬಲು ಮೆಲ್ಲಗೆ, ಒಣಗಿದ ಸ್ಪಂಜಿನ ರಾಶಿಗೆ ಒರಗಿ ಕೂತಳು.

ಸ್ವಲ್ಪ ಹೊತ್ತಾಯಿತು. ಕಡಲು ದಡದ ಮೇಲೆ ಒಂದಿಷ್ಟು ದೂರ ಹತ್ತಿ ಬಂದು ಕೇಳಿತು, "ಅಕ್ಕಾ, ಸಾಕಾ? ನಿಲ್ಲಿಸಲಾ?"

ಕಡಲು ಇನ್ನೊಂದು ಹೆಜ್ಜೆ ಮುಂದೆ ಬಂದು ಇಣುಕಿತು. ಮಿರ್ತೊಳ ಕಣ್ಣು ಮುಚ್ಚಿತ್ತು. ಬಾಯಿ ತೆರೆದಿತ್ತು. ಕೂದಲ ಗೂಡಿನಲ್ಲಿ ಒಂದು ಏಡಿಮರಿ ಸಿಕ್ಕಿಕೊಂಡಿತ್ತು, ಅದೂ ಅವಳಿಗೆ ತಿಳಿಯದು. ಹತ್ತು ತಿಂಗಳ ನಿದ್ದೆ ಒಟ್ಟಿಗೇ ಬಂದಿತ್ತು.

ಕಡಲು ಸಂಕೋಚದ ಪ್ರಾಣಿ. ಮಲಗಿದ ತಾಯಿಯನ್ನು ಎಬ್ಬಿಸುತ್ತದೆಯೇ? ಬಂದಷ್ಟೇ ಮೆಲ್ಲಗೆ, ಶ್ಶ್ಶ್ ಎನ್ನುತ್ತ, ತುದಿಗಾಲಿನಲ್ಲಿ ಹಿಂದೆ ಸರಿಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಬಂತು, ಇಣುಕಿತು, ಹಿಂದೆ ಹೋಯಿತು.

ಸಂಜೆ ಲೈಕಸ್ ದೋಣಿಯಿಂದ ನೆಗೆದು, "ಮಿರ್ತೊ! ನಾವು ಬದುಕಿದ್ದೀವಿ! ಹಿಟ್ಟೂ ತಂದಿದ್ದೀನಿ!" ಎಂದು ಅರಚಿಕೊಂಡು ಓಡಿ ಬಂದ. ಕಡಲು ಅವನ ಮೊಣಕಾಲಿಗೆ ಫಟ್ಟನೆ ಬಡಿದು ಶ್ಶ್ಶ್ ಎಂದಿತು. ಅವನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತ. ಹಿಟ್ಟು ನೆನೆದು ಮುದ್ದೆಯಾಗಿತ್ತು.

ಮಿರ್ತೊ ಎದ್ದಿದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ. ಕಡಲು ಆಗಲೂ ದಡ ಹತ್ತಿ ಬಂದು ಅವಳನ್ನು ಇಣುಕಿ ನೋಡುತ್ತಿತ್ತು. "ಅಕ್ಕಾ, ಸಾಕಾ?"

ಮಿರ್ತೊ ಒಂದು ಕಣ್ಣು ತೆರೆದು ಮಗನನ್ನು ನೋಡಿದಳು. ಮಲಗಿದ್ದ. ಬಂಡೆಯನ್ನು ನೋಡಿದಳು. ಮೂವರೂ ಮಲಗಿದ್ದರು. ಅವಳೇನು ದಡ್ಡಿಯೇ, ಸಾಕು ಎನ್ನಲು? ತೆರೆದ ಕಣ್ಣನ್ನು ಮತ್ತೆ ಮುಚ್ಚಿಕೊಂಡು, ಮಗ್ಗುಲು ಬದಲಿಸಿದಳು.

ಅವಳು ಸಾಕು ಎನ್ನಲೇ ಇಲ್ಲ. ಅದಕ್ಕೇ ಮಕ್ಕಳೇ, ಇವತ್ತಿಗೂ ನೀವು ಯಾವ ಕಡಲ ದಡದಲ್ಲಿ ನಿಂತರೂ, ನೀರು ಮೆಲ್ಲಗೆ ನಿಮ್ಮ ಕಾಲಿನವರೆಗೆ ಬಂದು, ಯಾರಾದರೂ ಎದ್ದರೇನೋ ಎಂದು ಇಣುಕಿ, ಶ್ಶ್ಶ್ ಎನ್ನುತ್ತ ತುದಿಗಾಲಿನಲ್ಲಿ ಹಿಂದಕ್ಕೆ ಹೋಗುತ್ತದೆ.