ಅಣ್ಣನ ಉಪ್ಪರಿಗೆ

ಕಲ್ಲಾರು ಬಂದರಿನ ಹಳೆಯ ಪೇಟೆಬೀದಿಯಲ್ಲಿ, ಹೊಳೆಗೆ ಬೆನ್ನು ಕೊಟ್ಟು ನಿಂತ ಮೂರಂತಸ್ತಿನ ಮನೆಗೆ ಅಣ್ಣನ ಉಪ್ಪರಿಗೆ ಎಂದು ಹೆಸರು. ಬೀದಿಗೆ ತೆರೆದ ಕಮಾನು ಕಿಟಕಿಗಳು, ಗೋಡೆಯಲ್ಲಿ ಅರ್ಧ ಹುದುಗಿದ ಕಂಬಗಳು ಪರಂಗಿಯವರ ಮಾದರಿಯವು. ಕಂಬದ ನೆತ್ತಿಯ ತಾವರೆ ಮಾತ್ರ ನಮ್ಮದು. ಕೆಳಗೆ ಈಗ ಹಗ್ಗ, ಬಲೆ ಮಾರುವ ಅಂಗಡಿಗಳಿವೆ. ಮೇಲಂತಸ್ತನ್ನು ಯಾರೂ ಬಾಡಿಗೆಗೆ ಕೇಳುವುದಿಲ್ಲ, ಕೇಳಿದರೂ ಕೊಡುವುದಿಲ್ಲ.

ಹಿಂದೆ ಒಮ್ಮೆ, ಪರಂಗಿ ಹಡಗುಗಳು ಮೆಣಸಿಗಾಗಿ ಈ ಅಳಿವೆಗೆ ಬರುತ್ತಿದ್ದ ಕಾಲದಲ್ಲಿ, ಇಲ್ಲಿ ದುಗ್ಗಣ ಸೆಟ್ಟಿಯೆಂಬ ವರ್ತಕನಿದ್ದ. ಗೋವೆಯ ಮಾಳಿಗೆಮನೆಗಳನ್ನು ಕಂಡುಬಂದವನಿಗೆ ಅಂಥದ್ದೊಂದು ತನಗೂ ಆಗಲೇಬೇಕೆನಿಸಿತು. ಕಟ್ಟಲು ಬಂದ ಮಾಬ್ಲ ಆಚಾರಿ ಮೊದಲು ಕೇಳಿದ್ದು ಯಜಮಾನನ ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು, ಆ ಅಳತೆಗೆ ಕೋಲು ಮಾಡಿ, ಬಾಗಿಲು ಮೆಟ್ಟಿಲುಗಳನ್ನೆಲ್ಲ ಅದರಿಂದಲೇ ಇಡುವುದು ಪದ್ಧತಿ. ಯಾರ ಮೊಳವೋ ಅವರ ಮನೆ. ಸೆಟ್ಟಿಯ ಬಳಿ ಕೋಲು ಸಿದ್ಧವಿತ್ತು. ಅಣ್ಣ ಬೊಮ್ಮಣ ತಾನು ಮನೆ ಕಟ್ಟುವೆನೆಂದು ಅದನ್ನು ತನ್ನ ಮೊಳಕ್ಕೆ ಮಾಡಿಸಿಟ್ಟು ಕಡಲಾಚೆಯ ಹೊರ್ಮುಜಿಗೆ ಹಡಗು ಹತ್ತಿದವನು ತಿರುಗಿ ಬಂದಿರಲಿಲ್ಲ. ಹನ್ನೆರಡು ವರ್ಷ ಕಾದು ಉತ್ತರಕ್ರಿಯೆಯೂ ಮುಗಿದಿತ್ತು. ಒಳ್ಳೆಯ ಬೀಟೆಯ ಕೋಲು ಸುಮ್ಮನೆ ಬಿದ್ದಿರುವಾಗ ಇನ್ನೊಂದು ಮಾಡಿಸುವವನು ಎಂಥ ವರ್ತಕ?

“ಇದು ನಿಮ್ಮ ಕೈಯಲ್ಲ ಸೆಟ್ಟರೇ,” ಎಂದ ಆಚಾರಿ.

“ಒಂದೇ ತಾಯಿಯ ಮಕ್ಕಳ ಕೈ. ಬೆರಳಷ್ಟು ಹೆಚ್ಚುಕಮ್ಮಿಗೆ ಮನೆ ಬೀಳುತ್ತದೆಯೇ?”

“ಬೀಳುವುದಿಲ್ಲ, ಗಟ್ಟಿಯಾಗಿಯೇ ಇರುತ್ತದೆ. ನಿಮ್ಮದಾಗುವುದಿಲ್ಲ, ಅಷ್ಟೇ.”

ಒಕ್ಕಲಾದ ದಿನದಿಂದ ದುಗ್ಗಣ ತನ್ನ ಮನೆಯಲ್ಲೇ ಎಡವಿದ. ಅಗುಳಿ ಕೈಗೆ ಬೆರಳಷ್ಟು ಮೇಲೆ, ಮೆಟ್ಟಿಲು ಕಾಲಿಗೆ ಬೆರಳಷ್ಟು ಎತ್ತರ. ಆದರೆ ಮಟಮಟ ಮಧ್ಯಾಹ್ನ ಅವನು ಕೆಳಗೆ ಉಣ್ಣುತ್ತಿರುವಾಗ, ಅದೇ ಮೆಟ್ಟಿಲುಗಳನ್ನು ಯಾರೋ ಒಂದು ಹೆಜ್ಜೆಯೂ ತಪ್ಪದೆ ಏರುವ ಸದ್ದು. ಹೋಗಿ ನೋಡಿದರೆ ಹಲಗೆ ಒದ್ದೆ. ನಾಲಿಗೆಗೆ ಹಚ್ಚಿದರೆ ಉಪ್ಪು. ಬರಬರುತ್ತ ಆಳುಗಳು ಅಪ್ಪಣೆಯನ್ನು ಮೇಲಿನಿಂದ ಕೇಳಿಕೊಂಡು ಬರತೊಡಗಿದರು. ಒಂದು ದಿನ ಹೆಂಡತಿ ಪದುಮಕ್ಕ ಖಾಲಿ ಚೊಂಬು ಹಿಡಿದು ಇಳಿದುಬಂದವಳು ಅವನನ್ನು ಕಂಡು ನಿಂತುಬಿಟ್ಟಳು.

“ಮೇಲಿಂದ ನೀರು ಕೇಳಿದಿರಿ, ಕೊಟ್ಟು ಬರುತ್ತಿದ್ದೇನೆ. ಇಲ್ಲಿ ಹೇಗೆ ಕೂತಿದ್ದೀರಿ?”

ಮನೆಯ ಜೊತೆ ಹೆಂಡತಿಯೂ ಕೈತಪ್ಪುತ್ತಾಳೆಂದು ಸೆಟ್ಟಿಗೆ ಅರಿವಾಯಿತು. ಕೆಡವಿಬಿಡಿ ಎಂದ ಆಚಾರಿ. ಕಟ್ಟಿದ್ದನ್ನು ಕೆಡವುವ ಜಾತಿಯವನಲ್ಲ ಸೆಟ್ಟಿ. ಮಧ್ಯಾಹ್ನವೇ ಮೇಲೆ ಹತ್ತಿ, ಬರಿದಾದ ಕೋಣೆಯ ನಡುವೆ ನಿಂತು ಹೇಳಿದ: “ಅಣ್ಣಾ, ಅಳತೆ ನಿನ್ನದು, ಒಪ್ಪಿದೆ. ದುಡಿಮೆ ನನ್ನದು. ಮೇಲಿನದು ನಿನಗೆ, ಕೆಳಗಿನದು ನನಗೆ. ನನ್ನ ಹೆಂಡತಿಯ ಹತ್ತಿರ ನೀರು ಕೇಳಬೇಡ.” ಅವನು ಹೊರಬಂದ ಮೇಲೆ ಒಳಗಿನಿಂದ ಅಗುಳಿ ಬಿತ್ತು.

ಆಮೇಲೆ ಸೆಟ್ಟಿ ಕೈ ಚಾಚಿ ತನ್ನ ಮೊಳ ಕೊಟ್ಟ. ಆಚಾರಿ ಕೆಳಗಿನ ಎರಡು ಅಂತಸ್ತುಗಳನ್ನು ಆ ಅಳತೆಗೆ ತಿದ್ದಿ, ಮೇಲಕ್ಕೆ ಹೋಗುವ ಒಳಮೆಟ್ಟಿಲನ್ನು ಕಿತ್ತು, ಹಿಂಬದಿಯಲ್ಲಿ ಹೊಳೆಯಿಂದಲೇ ನೇರ ಏರುವ ಕಲ್ಲಿನ ಮೆಟ್ಟಿಲು ಕಟ್ಟಿಕೊಟ್ಟ. ಸೆಟ್ಟಿಯ ವಂಶ ಕೆಳಗೆ ನೆಮ್ಮದಿಯಾಗಿ ಬಾಳಿತು ಎನ್ನುತ್ತಾರೆ. ಹೆಸರು ಮಾತ್ರ ಅಣ್ಣನಿಗೇ ಹೋಯಿತು.

ಮೇಲಿನ ಕಿಟಕಿಗಳು ಕೆಳಗಿನವುಗಳ ನೇರಕ್ಕೆ ಇಲ್ಲದಿರುವುದನ್ನು ಮನೆ ನೋಡಲು ಬಂದವರೆಲ್ಲ ಗುರುತಿಸುತ್ತಾರೆ. ಹಿಂಬದಿಗೆ ಹೋಗುವವರು ಕಡಿಮೆ. ಅಲ್ಲಿ ನಲವತ್ತೊಂದು ಕರಿಗಲ್ಲಿನ ಮೆಟ್ಟಿಲುಗಳು ನೀರೊಳಗೆ ಶುರುವಾಗಿ ಮುಚ್ಚಿದ ಬಾಗಿಲಿನ ಮುಂದೆ ಮುಗಿಯುತ್ತವೆ. ಕಟ್ಟಿದಂದಿನಿಂದ ಅವನ್ನು ಮನುಷ್ಯರು ಯಾರೂ ಹತ್ತಿದ್ದಿಲ್ಲ. ಆದರೂ ಒಂದೊಂದು ಮೆಟ್ಟಿಲೂ ನಡುವೆ ಸವೆದು, ಒಂದು ಪಾದ ಹಿಡಿಸುವಷ್ಟು ಹಳ್ಳಬಿದ್ದಿದೆ.